ಚೀಟಿಗೂ ಗುಳಿಗೆಗೂ ನಡುವೆ ಯಾರಿದ್ದಾರೆ?

ರಾಯಬಾಗ ತಾಲೂಕಿನಲ್ಲಿರುವ ನಮ್ಮ ಬಂಧು ಮಹಿಳೆಯೊಬ್ಬರು ಒಂದು ರಮಝಾನಿನ ಅಸರ್ ವೇಳೆಗೆ ಅಂಗಳದಲ್ಲೇ ಕುಸಿದು ಬಿದ್ದರು. ಮೈಯೆಲ್ಲ ಬೆವರಿನಿಂದ ತೊಯ್ದಿತ್ತು, ಮಾತು ತೊದಲುತ್ತಿತ್ತು. ಉಪವಾಸದ ನಿಶ್ಶಕ್ತಿಯಿರಬೇಕೆಂದು ಮನೆಯವರು ಭಾವಿಸಿದರು. ಲಕ್ವಾ ಹೊಡೆದಿದೆಯೆಂದು ನೆರೆಯವರು ಹೆದರಿಸಿದರು. ದವಾಖಾನೆಗೆ ಒಯ್ದ ಬಳಿಕ, ರಕ್ತದಲ್ಲಿ ಸಕ್ಕರೆಯ ಪ್ರಮಾಣ ಅಪಾಯಕಾರಿ ಮಟ್ಟಕ್ಕೆ ಇಳಿದಿರುವುದು ತಿಳಿಯಿತು. ಗ್ಲೂಕೋಸ್ ಏರಿಸಿದರು. ಅಲ್ಲಾಹನ ಅನುಗ್ರಹದಿಂದ ಅವರು ಬದುಕಿಕೊಂಡರು.

ಕಾರಣ ಗೊತ್ತಾದದ್ದು ಮೂರು ದಿನಗಳ ನಂತರ, ಅದೂ ಆಕಸ್ಮಿಕವಾಗಿ. ಫಾರ್ಮ್.ಡಿ ಓದುತ್ತಿದ್ದ ಅವರ ಅಕ್ಕನ ಮಗ ಯೋಗಕ್ಷೇಮ ವಿಚಾರಿಸಲು ಬಂದವನು, ಕಪಾಟಿನಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ತಂದು ಚಾಪೆಯ ಮೇಲೆ ಸುರಿದ. ಮಿರಜಿನ ತಜ್ಞರು ಬರೆದುಕೊಟ್ಟದ್ದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಗುಳಿಗೆ. ಊರಿನ ವೈದ್ಯರು ಬರೆದುಕೊಟ್ಟದ್ದು ಬೇರೆ ಕಂಪೆನಿಯ, ಬೇರೆ ಹೆಸರಿನ ಗುಳಿಗೆ. ಅದರ ಪಟ್ಟಿಯ ಹಿಂಬದಿಯ ಸಣ್ಣಕ್ಷರಗಳಲ್ಲೂ ಗ್ಲಿಮೆಪಿರೈಡ್ ಎಂದೇ ಇತ್ತು. ಎರಡನ್ನೂ ಆಕೆ ಸಹ್ರಿಯ ವೇಳೆ ತಪ್ಪದೆ ನುಂಗುತ್ತಿದ್ದರು. “ಖಾಲಾ, ಇವೆರಡೂ ಒಂದೇ ಔಷಧ” ಎಂದು ಹುಡುಗ ಹೇಳಿದಾಗ ಆಕೆಗೆ ನಂಬಿಕೆ ಬರಲಿಲ್ಲ. “ಒಂದು ಬಿಳಿ, ಒಂದು ನಸುಗೆಂಪು. ಒಂದೇ ಹೇಗಾದೀತು ಬೇಟಾ?”

ಇಲ್ಲಿ ತಪ್ಪು ಯಾರದು? ತಜ್ಞರದ್ದೇ? ಊರಿನ ವೈದ್ಯರು ಏನು ಕೊಟ್ಟಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಊರಿನ ವೈದ್ಯರದ್ದೇ? ಮಿರಜಿನ ಚೀಟಿಯನ್ನು ಅವರಿಗೆ ತೋರಿಸಿದವರಿಲ್ಲ. ಮೆಡಿಕಲ್‌ನವರದ್ದೇ? ಅವರು ಚೀಟಿಯಲ್ಲಿದ್ದುದನ್ನು ಕೊಟ್ಟರು. ಬಿಡಿಬಿಡಿಯಾಗಿ ನೋಡಿದರೆ ಎಲ್ಲರೂ ಸರಿ. ಆದರೆ ಆ ಚೀಲವನ್ನು ಇಡಿಯಾಗಿ ನೋಡುವ ಹೊಣೆ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಈ ಚೀಲವಿಲ್ಲದ ಮನೆಗಳು ವಿರಳ. ಕಾಗವಾಡ, ಅಥಣಿಯವರಿಗೆ ದೊಡ್ಡ ಕಾಯಿಲೆಯೆಂದರೆ ಮಿರಜ್. 1894ರಲ್ಲಿ ಆರಂಭಗೊಂಡ ವಾನ್ಲೆಸ್ ಆಸ್ಪತ್ರೆಯ ಕಾಲದಿಂದಲೂ ಅದು ಈ ಸೀಮೆಯ ವೈದ್ಯ ನಗರ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗುತ್ತಾರೆ. ಚಿಕ್ಕೋಡಿ, ರಾಯಬಾಗದವರು ಒಮ್ಮೆ ಮಿರಜಿಗೆ, ಒಮ್ಮೆ ಬೆಳಗಾವಿಗೆ. ಹಿಂತಿರುಗಿ ಬಂದ ಮೇಲೆ ಜ್ವರಕ್ಕೂ ಮಂಡಿನೋವಿಗೂ ಊರಿನ ವೈದ್ಯರೇ ಗತಿ. ನಡುವೆ ಹಕೀಮರ ಮಾಜೂನ್ ಬೇರೆ. ರೋಗಿಯ ಮಾತು ದಖ್ಖನಿ ಉರ್ದು ಅಥವಾ ಕನ್ನಡ, ವೈದ್ಯರ ಮಾತು ಮರಾಠಿ, ಚೀಟಿ ಇಂಗ್ಲಿಷ್. ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ಪ್ರತ್ಯೇಕ ತಾಲೂಕುಗಳಾದುವು. ಚಿಕ್ಕೋಡಿ ಜಿಲ್ಲೆಯಾಗಬೇಕೆಂಬ ಬೇಡಿಕೆಗಂತೂ ದಶಕಗಳ ಇತಿಹಾಸವಿದೆ. ಗಡಿಗಳ ಬಗ್ಗೆ ಇಷ್ಟೊಂದು ಚರ್ಚಿಸುವ ನಮಗೆ, ರೋಗಿಯ ಚೀಟಿ ಯಾವ ಗಡಿಯನ್ನೂ ದಾಟುತ್ತಿಲ್ಲವೆಂಬುದು ಒಂದು ಸಮಸ್ಯೆಯಾಗಿ ಕಂಡೇ ಇಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಹರಿದಾಗ ಕಾಳಜಿ ಕೇಂದ್ರಗಳಲ್ಲಿ ನಾವು ಕಂಡ ದೃಶ್ಯವೂ ಇದೇ. ಚೀಟಿ, ಗುಳಿಗೆಗಳೆಲ್ಲ ನೀರುಪಾಲಾದ ವೃದ್ಧರು ತಮ್ಮ ಔಷಧವನ್ನು ಬಣ್ಣದಿಂದ, ಗಾತ್ರದಿಂದ ವಿವರಿಸುತ್ತಿದ್ದರು. ಸಣ್ಣದು, ಹಳದಿ, ನಡುವೆ ಗೀರು ಇರುವುದು. ಸೇವೆಗೆ ಬಂದ ವೈದ್ಯರು ಊಹಿಸಿ ಬರೆಯಬೇಕಾಯಿತು.

ಹಾಗಾದರೆ ಆ ಚೀಲವನ್ನು ನೋಡಬೇಕಾದವರು ಯಾರು? ಅದಕ್ಕೆಂದೇ ಓದಿದವರಿದ್ದಾರೆ. ಅವರನ್ನು ಕ್ಲಿನಿಕಲ್ ಫಾರ್ಮಾಸಿಸ್ಟ್ ಎನ್ನುತ್ತಾರೆ. ಅವರು ಗುಳಿಗೆ ಎಣಿಸಿ ಕೊಡುವವರಲ್ಲ, ರೋಗ ಪತ್ತೆ ಹಚ್ಚುವವರೂ ಅಲ್ಲ. ಅದು ವೈದ್ಯರ ಕೆಲಸ. ರೋಗಿ ಸೇವಿಸುತ್ತಿರುವ ಎಲ್ಲ ಔಷಧಗಳನ್ನು ಮುಂದಿಟ್ಟುಕೊಂಡು ಬ್ರ್ಯಾಂಡಿನ ಹೆಸರಿನ ಹಿಂದಿರುವ ಮೂಲ ಔಷಧವನ್ನು ಗುರುತಿಸುವುದು, ಒಂದೇ ಔಷಧ ಎರಡು ಹೆಸರಲ್ಲಿ ಸೇರಿದೆಯೇ ಎಂದು ನೋಡುವುದು, ಒಂದು ಇನ್ನೊಂದಕ್ಕೆ ಮಾರಕವೇ ಎಂದು ಪರಿಶೀಲಿಸುವುದು, ಮೂತ್ರಪಿಂಡದ ಪರೀಕ್ಷೆಯ ವರದಿಗೂ ಔಷಧದ ಪ್ರಮಾಣಕ್ಕೂ ಹೊಂದಿಕೆಯಿದೆಯೇ ಎಂದು ತಾಳೆ ನೋಡುವುದು, ಕಂಡದ್ದನ್ನು ವೈದ್ಯರಿಗೆ ತಿಳಿಸುವುದು, ಬಳಿಕ ರೋಗಿಗೆ ಅವರದೇ ಭಾಷೆಯಲ್ಲಿ ವಿವರಿಸುವುದು ಇವರ ಕೆಲಸ. ಒಂದು ಉದಾಹರಣೆ ನೋಡಿ. ಬಿಪಿಗೆ ಎನಲಾಪ್ರಿಲ್ ಸೇವಿಸುವವರಿದ್ದಾರೆ, ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗೆಯೂ ಇದೆ. ಮಂಡಿನೋವಿಗೆಂದು ಅವರೇ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ವಾರಗಟ್ಟಲೆ ನುಂಗುತ್ತಾರೆ. ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ದಿನವಿಡೀ ರೋಗಿಗಳ ಸಾಲು ಎದುರಿಸುವ ವೈದ್ಯರಿಗೆ, ತಾವು ಬರೆಯದ ಆ ಮೂರನೆಯ ಗುಳಿಗೆಯ ಬಗ್ಗೆ ಕೇಳಲು ಸಮಯವೆಲ್ಲಿ?

ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರ ಕ್ಲಿನಿಕ್‌ಗಳಲ್ಲೇ ಇಂತಹವರನ್ನು ನೇಮಿಸುವ ಪ್ರಯೋಗ 2015ರಲ್ಲಿ ಆರಂಭವಾಯಿತು. 2019ರ ಬಳಿಕ ಅವರ ವೇತನಕ್ಕೆ ಸರಕಾರಿ ಆರೋಗ್ಯ ಸೇವೆಯೇ ಹಣ ಒದಗಿಸುತ್ತಾ ಬಂದಿದೆ. ಅದು ಶ್ರೀಮಂತ ದೇಶ, ನಮಗೇಕೆ ಅದರ ಮಾತು ಎನ್ನಬಹುದು. ಆದರೆ ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಆರು ವರ್ಷಗಳ ಫಾರ್ಮ್.ಡಿ ಕೋರ್ಸ್ ನಮ್ಮ ದೇಶದಲ್ಲಿ 2008ರಲ್ಲೇ ಆರಂಭವಾಯಿತು. ಅದರ ಕೊನೆಯ ವರ್ಷ ತರಬೇತಿಗೇ ಮೀಸಲು. ನೋಂದಾಯಿತ ಫಾರ್ಮಾಸಿಸ್ಟ್ ಚೀಟಿಯನ್ನು ಪರಿಶೀಲಿಸಿ ರೋಗಿಯೊಂದಿಗೆ ಖುದ್ದಾಗಿ ಸಮಾಲೋಚಿಸಬೇಕೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಹೇಳುತ್ತದೆ. ನಿಪ್ಪಾಣಿಯಲ್ಲೇ ಕೆಎಲ್‌ಇ ಸಂಸ್ಥೆಯ ಫಾರ್ಮಸಿ ಕಾಲೇಜಿದೆ. ಬೆಳಗಾವಿಯಲ್ಲಿ ಅದಕ್ಕಿಂತ ಹಳೆಯದಿದೆ. ಕಾನೂನೂ ಇದೆ, ಕಲಿತವರೂ ಇದ್ದಾರೆ. ಇಲ್ಲದಿರುವುದು ಅವರು ಕೂರಲು ಒಂದು ಕುರ್ಚಿ. ಆದುದರಿಂದಲೇ ಕಲಿತ ಯುವಕ ಯುವತಿಯರು ಬೆಂಗಳೂರು, ಹೈದರಾಬಾದ್‌ಗಳ ಕಂಪೆನಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ.

ಇನ್ನು ನಮ್ಮ ಸಮುದಾಯದ ಮಾತು. ಮಗ ಎಂಬಿಬಿಎಸ್ ಸೇರಿದರೆ ಓಣಿಗೆಲ್ಲ ಮಿಠಾಯಿ. ಫಾರ್ಮಸಿ ಸೇರಿದರೆ ಎದುರಾಗುವುದು ಒಂದೇ ಪ್ರಶ್ನೆ: ಮೆಡಿಕಲ್ ಯಾವಾಗ ಹಾಕುತ್ತೀರಿ? ಆ ಪದವಿಗೆ ಅಂಗಡಿಯ ಆಚೆ ಒಂದು ಘನತೆಯಿದೆಯೆಂದು ನಾವು ಒಪ್ಪಿಯೇ ಇಲ್ಲ. ಅದಕ್ಕಿಂತಲೂ ಕೆಟ್ಟದ್ದು, ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವ ಚಾಳಿ. ಗೋಡೆಯಲ್ಲಿ ಒಬ್ಬರ ಹೆಸರು, ಗಲ್ಲೆಯಲ್ಲಿ ಇನ್ನೊಬ್ಬರು. ಹೆಸರಿನವರು ದೂರದ ಊರಿನಲ್ಲಿ ಬೇರೇನೋ ಮಾಡುತ್ತಾ ತಿಂಗಳಿಗಿಷ್ಟೆಂದು ಪಡೆಯುತ್ತಾರೆ. ಎಲ್ಲ ಸಮುದಾಯಗಳಲ್ಲೂ ಇದು ನಡೆಯುತ್ತದೆ, ನಿಜ. ಹಾಗಂತ ನಮ್ಮ ಹೊಣೆ ಕಡಿಮೆಯಾಗುವುದೇ? ಬಡ್ಡಿಯ ಬಗ್ಗೆ ಇಷ್ಟೊಂದು ಎಚ್ಚರ ವಹಿಸುವ ಮನೆಗಳಲ್ಲಿ ಈ ಬಾಡಿಗೆಯ ಹಣದ ಬಗ್ಗೆ ಒಂದು ಪ್ರಶ್ನೆಯೂ ಏಳುವುದಿಲ್ಲವಲ್ಲ! ನೋಂದಾಯಿತ ಫಾರ್ಮಾಸಿಸ್ಟ್ ಅಲ್ಲದವರು ಚೀಟಿಯ ಮೇಲೆ ಔಷಧ ವಿತರಿಸುವುದನ್ನು 1948ರ ಫಾರ್ಮಸಿ ಕಾಯ್ದೆ ನಿಷೇಧಿಸಿದೆ. ನಕಲಿ ಫಾರ್ಮಾಸಿಸ್ಟ್‌ಗಳಿಂದ ಆಸ್ಪತ್ರೆ, ಔಷಧದಂಗಡಿಗಳು ನಡೆಯದಂತೆ ನೋಡಿಕೊಳ್ಳುವುದು ಸರಕಾರ ಮತ್ತು ಫಾರ್ಮಸಿ ಕೌನ್ಸಿಲ್‌ನ ಕರ್ತವ್ಯವೆಂದು 2022ರ ನವೆಂಬರ್‌ನಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. ಗೋಡೆಯ ಮೇಲಿನ ಆ ಹೆಸರು ರೋಗಿಯ ಪಾಲಿಗೆ ಒಂದು ಅಮಾನತ್. ಅಂದಹಾಗೆ, ಔಷಧ ಶಾಸ್ತ್ರವನ್ನು ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆಸಿದವರಲ್ಲಿ ನಮ್ಮ ಪೂರ್ವಿಕರೂ ಇದ್ದರು. ಅಲ್‌ಬೀರೂನಿ ತಮ್ಮ ಮುಪ್ಪಿನಲ್ಲಿ ಬರೆದ ಕಿತಾಬುಸ್ಸೈದನ ಔಷಧಗಳ ಬಗೆಗಿನ ಗ್ರಂಥ. ಒಂದೇ ಔಷಧಕ್ಕೆ ನಾನಾ ಭಾಷೆಗಳಲ್ಲಿರುವ ಹೆಸರುಗಳನ್ನು ಅವರು ಅದರಲ್ಲಿ ಶ್ರಮವಹಿಸಿ ಕಲೆಹಾಕಿದ್ದಾರೆ. ಮದ್ರಸದಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಕೇಳಿದವರು ನಾವು. ಸಾವಿರ ವರ್ಷಗಳ ಬಳಿಕ ರಾಯಬಾಗದಲ್ಲಿ ಒಂದೇ ಔಷಧದ ಎರಡು ಹೆಸರು ಒಂದು ಜೀವವನ್ನು ಅಪಾಯಕ್ಕೆ ದೂಡಿತು.

ಹೆಸರಿನ ಈ ಗೊಂದಲಕ್ಕೆ ಇನ್ನೊಂದು ಮುಖವಿದೆ. ಚೀಟಿಯಲ್ಲಿರುವ ಷೆಡ್ಯೂಲ್ ಎಚ್ ಔಷಧಕ್ಕೆ ಬದಲಾಗಿ, ಅದೇ ಅಂಶವಿರುವ ಬೇರೆ ಬ್ರ್ಯಾಂಡನ್ನೂ ಕೊಡುವಂತಿಲ್ಲವೆಂದು ಔಷಧ ನಿಯಮಗಳು ಹೇಳುತ್ತವೆ. ವಾಸ್ತವದಲ್ಲಿ “ಆ ಕಂಪೆನಿಯದ್ದಿಲ್ಲ, ಇದೂ ಅದೇ, ತಗೊಳ್ಳಿ” ಎಂಬ ಮಾತು ಕೇಳದವರುಂಟೇ? ಹೊಸ ಹೆಸರಿನದನ್ನು ಮನೆಗೆ ತಂದವರು, ಮನೆಯಲ್ಲಿ ಉಳಿದಿದ್ದ ಹಳೆಯದನ್ನೂ ಜೊತೆಗೇ ಸೇವಿಸುತ್ತಾರೆ. ಕೆಲವು ವೈದ್ಯರು ತಾವೇ ಪೊಟ್ಟಣ ಕಟ್ಟಿಕೊಡುವ ಬಿಡಿ ಗುಳಿಗೆಗಳಿಗಂತೂ ಹೆಸರೇ ಇರುವುದಿಲ್ಲ. ತಮ್ಮ ರೋಗಿಗಳಿಗೆ ಔಷಧ ಕೊಡಲು ವೈದ್ಯರಿಗೆ ಕಾನೂನಿನ ಅವಕಾಶವಿದೆ. ಆದರೆ ಅದರಲ್ಲಿ ಏನಿದೆಯೆಂದು ಬರೆದುಕೊಡಿ ಎಂದು ವಿನಯದಿಂದ ಕೇಳುವ ಅವಕಾಶ ನಮಗೂ ಇದೆ.

ರಮಝಾನಿನ ಮಾತಿಗೆ ಬರೋಣ. 2001ರಲ್ಲಿ 13 ದೇಶಗಳ 12,243 ಮಧುಮೇಹಿ ಮುಸ್ಲಿಮರನ್ನು ಒಳಗೊಂಡ ಎಪಿಡಿಯಾರ್ ಎಂಬ ಅಧ್ಯಯನ ನಡೆಯಿತು. ಟೈಪ್ 2 ಮಧುಮೇಹಿಗಳಲ್ಲಿ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಕರಣಗಳು ಇತರ ತಿಂಗಳುಗಳಿಗಿಂತ ರಮಝಾನಿನಲ್ಲಿ 7.5 ಪಟ್ಟು ಹೆಚ್ಚೆಂದು ಅದು ಕಂಡುಕೊಂಡಿತು. ರೋಗಿಗೆ ಉಪವಾಸದಿಂದ ರಿಯಾಯಿತಿಯನ್ನು ಕುರ್‌ಆನೇ ನೀಡಿದೆ. ಆದರೂ ನಮ್ಮ ಹಿರಿಯರು ಉಪವಾಸ ಬಿಡಲು ಒಪ್ಪುವುದಿಲ್ಲ. ಅವರ ಈ ನಿಷ್ಠೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಯಾರು ಉಪವಾಸ ಆಚರಿಸಬಹುದು, ಯಾರು ಆಚರಿಸಬಾರದು, ಆಚರಿಸುವವರ ಯಾವ ಗುಳಿಗೆ ಸಹ್ರಿಗೆ, ಯಾವುದು ಇಫ್ತಾರಿಗೆ, ಯಾವುದರ ಪ್ರಮಾಣ ಇಳಿಯಬೇಕು ಎಂಬುದನ್ನು ಆರರಿಂದ ಎಂಟು ವಾರಗಳ ಮೊದಲೇ ನಿರ್ಧರಿಸಬೇಕೆಂದು ತಜ್ಞರು ಹೇಳುತ್ತಾರೆ. ಅಂದರೆ ರಜಬ್ ತಿಂಗಳಲ್ಲಿ. ನಮ್ಮ ಜುಮಾ ಭಾಷಣಗಳಲ್ಲಿ ರಜಬ್‌ನ ವಿಷಯಗಳು ಬೇರೆಯೇ ಇರುತ್ತವೆ.

ವೈದ್ಯರ ಆಕ್ಷೇಪವೂ ನಮಗೆ ಗೊತ್ತು. “ನನ್ನ ಚೀಟಿಯನ್ನು ತಿದ್ದಲು ಇನ್ನೊಬ್ಬನೇ?” ಎಂದು ಹಿರಿಯ ವೈದ್ಯರೊಬ್ಬರು ನಮ್ಮಲ್ಲಿ ಕೇಳಿದ್ದರು. ತಿದ್ದುವುದಲ್ಲ, ತೋರಿಸುವುದು, ತೀರ್ಮಾನ ವೈದ್ಯರದ್ದೇ. ಮತ್ತೊಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ: ಸಂಬಳ ಕೊಡುವವರು ಯಾರು? ಒಬ್ಬ ವೈದ್ಯರ ಸಣ್ಣ ದವಾಖಾನೆಗೆ ಅದು ಹೊರೆಯೇ. ಅಥಣಿಯಂತಹ ಪಟ್ಟಣದಲ್ಲಿ ನಾಲ್ಕೈದು ವೈದ್ಯರು ಸೇರಿ ಒಬ್ಬರನ್ನು ಇಟ್ಟುಕೊಂಡು, ವಾರಕ್ಕೊಂದು ದಿನದಂತೆ ಹಂಚಿಕೊಳ್ಳಲು ಸಾಧ್ಯವಿಲ್ಲವೇ? ಸರಕಾರದ ಮಟ್ಟಿಗೆ ಹೇಳುವುದಾದರೆ, ಬಿಪಿ, ಶುಗರ್‌ಗಳನ್ನು ಮನೆಬಾಗಿಲಲ್ಲೇ ಪತ್ತೆ ಹಚ್ಚಿ ಔಷಧ ಒದಗಿಸುವ ಗೃಹ ಆರೋಗ್ಯ ಯೋಜನೆಯನ್ನು ಅದು 2024ರಲ್ಲಿ ಕೋಲಾರದಲ್ಲಿ ಆರಂಭಿಸಿತು. ಒಳ್ಳೆಯದೇ. ಆದರೆ ಈಗಾಗಲೇ ತುಂಬಿರುವ ಚೀಲಕ್ಕೆ ಇನ್ನೊಂದು ಪಟ್ಟಿ ಸೇರಿಸುವ ಮೊದಲು ಆ ಚೀಲದಲ್ಲಿ ಏನಿದೆಯೆಂದು ನೋಡುವವರು ಬೇಡವೇ? ಚುನಾವಣೆಗೆ ಬರುವವರಲ್ಲಿ ಶಾದಿ ಮಹಲ್‌ಗೆ ಅನುದಾನ ಕೇಳುವ ನಾವು, ತಾಲೂಕು ಆಸ್ಪತ್ರೆಗೊಬ್ಬ ಕ್ಲಿನಿಕಲ್ ಫಾರ್ಮಾಸಿಸ್ಟ್ ಬೇಕೆಂದು ಯಾವಾಗ ಕೇಳಿದ್ದೇವೆ?

ಸರಕಾರಕ್ಕಾಗಿ ಕಾಯದೆ ಜಮಾಅತ್‌ಗಳು ಮಾಡಬಹುದಾದುದೂ ಇದೆ. ವರ್ಷಕ್ಕೊಂದು ಉಚಿತ ವೈದ್ಯಕೀಯ ಶಿಬಿರ ಎಲ್ಲೆಡೆ ನಡೆಯುತ್ತದೆ. ಬಿಪಿ ನೋಡುತ್ತಾರೆ, ಒಂದಿಷ್ಟು ಗುಳಿಗೆ ಹಂಚುತ್ತಾರೆ, ಫೋಟೊ ಪತ್ರಿಕೆಗೆ ಬರುತ್ತದೆ. ಅದರ ಬದಲು ರಜಬ್‌ನ ಒಂದು ಭಾನುವಾರ ಊರಿನ ಒಬ್ಬಿಬ್ಬರು ವೈದ್ಯರನ್ನೂ ಫಾರ್ಮ್.ಡಿ ಕಲಿತ ಇಬ್ಬರು ಮಕ್ಕಳನ್ನೂ ಒಂದೇ ಮೇಜಿಗೆ ಕೂರಿಸಿ. ಗುಳಿಗೆ ಹಂಚಬೇಡಿ. ಮನೆಯಲ್ಲಿರುವ ಚೀಲವನ್ನು ಹಾಗೆಯೇ ತನ್ನಿ ಎಂದು ಮಸೀದಿಯಲ್ಲಿ ಪ್ರಕಟಿಸಿ. ಪೊಟ್ಟಣದ ಗುಳಿಗೆ, ಹಕೀಮರ ಡಬ್ಬಿ, ಸೌದಿಯಿಂದ ಮಗ ಕಳುಹಿಸಿದ ವಿಟಮಿನ್, ಎಲ್ಲವನ್ನೂ. ಮಹಿಳೆಯರಿಗೆ ಪ್ರತ್ಯೇಕ ಮೇಜು ಇರಲಿ. ಫಾರ್ಮಸಿ ಕಲಿತ ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಸುಮ್ಮನೆ ಕುಳಿತಿದ್ದಾರೆ. ಔಷಧದಿಂದ ತೊಂದರೆಯಾದವರು 1800-180-3024 ಎಂಬ ಉಚಿತ ಸಂಖ್ಯೆಗೆ ತಿಳಿಸಬಹುದೆಂಬುದನ್ನೂ ಅಲ್ಲೇ ಹೇಳಬಹುದು. ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸಲು 2010ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಾರ್ಯಕ್ರಮದ ಸಹಾಯವಾಣಿ ಅದು.

ರಾಯಬಾಗದ ನಮ್ಮ ಬಂಧುವಿನ ಬಳಿ ಈಗ ಒಂದು ಹಾಳೆಯಿದೆ. ಔಷಧದ ಮೂಲ ಹೆಸರು, ಪ್ರಮಾಣ, ಹೊತ್ತು ಮತ್ತು ಬರೆದುಕೊಟ್ಟ ವೈದ್ಯರ ಹೆಸರನ್ನು ಅಕ್ಕನ ಮಗ ಇಂಗ್ಲಿಷ್‌ನಲ್ಲೂ ಉರ್ದುವಿನಲ್ಲೂ ಬರೆದುಕೊಟ್ಟಿದ್ದಾನೆ. ಊರಿನ ವೈದ್ಯರು ಅದನ್ನು ನೋಡಿ ತಮ್ಮ ಗುಳಿಗೆಯನ್ನು ನಿಲ್ಲಿಸಿದರು. ಕಳೆದ ಬಾರಿ ಮಿರಜಿಗೆ ಹೋದಾಗ ಅಲ್ಲಿನ ತಜ್ಞರು ಆ ಹಾಳೆಯನ್ನು ಕೇಳಿ ಪಡೆದು, ಅದರ ಝೆರಾಕ್ಸ್ ಪ್ರತಿಯೊಂದನ್ನು ತಮ್ಮ ಕಡತದಲ್ಲಿ ಇರಿಸಿಕೊಂಡರಂತೆ.