ರಾಯಚೂರಿನ ನಕ್ಷೆ ಮೇಜಿನ ಮೇಲಿರಲಿ



ಅಮೆರಿಕದಲ್ಲಿ ಉದ್ದಿಮೆಗಳನ್ನು ಕರೆತರಲು ಹೊರಟ ಕೌಂಟಿಗಳು ಮೊದಲು ಬಿಚ್ಚುವುದು ನಕ್ಷೆಯನ್ನು. ಜಾಗದ ಗಡಿ, ಹೆದ್ದಾರಿ, ವಿದ್ಯುತ್ ಮಾರ್ಗ, ಪ್ರವಾಹದ ವಲಯ, ಅರ್ಧ ಗಂಟೆಯ ಹಾದಿಯೊಳಗೆ ಸಿಗುವ ಕೆಲಸಗಾರರು, ಹೀಗೆ ಪದರದ ಮೇಲೆ ಪದರ ಹಾಸಿ ಜಾಗವನ್ನು ಅಳೆಯುತ್ತಾರೆ. ಇಂಥ ತಂತ್ರಾಂಶ ಬರೆಯುವವರಲ್ಲಿ ನಮ್ಮವರೂ ಇದ್ದಾರೆ!

ನಮ್ಮ ನಾಡಿನಲ್ಲಿ? 2002ರ ನಂಜುಂಡಪ್ಪ ಸಮಿತಿ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅನುದಾನ ಹಂಚಲು ಆ ಪಟ್ಟಿ ಬೇಕೇ ಬೇಕು. ಆದರೆ ಬಂಡವಾಳ ಹೂಡುವವನು ಊರಿನಲ್ಲಿ ಏನಿಲ್ಲ ಎಂದಲ್ಲ, ಏನಿದೆ ಎಂದು ಕೇಳುತ್ತಾನೆ. ರಾಯಚೂರನ್ನೇ ನೋಡಿ. ಕೃಷ್ಣೆ, ತುಂಗಭದ್ರೆ ಎರಡೂ ಇವೆ. ಮುಂಬೈ-ಚೆನ್ನೈ ರೈಲು ಹಾದಿಯಿದೆ. ಶಕ್ತಿನಗರದ ವಿದ್ಯುತ್ ಸ್ಥಾವರವಿದೆ. ಹತ್ತಿ, ಭತ್ತ ಧಾರಾಳ. (ಬಿಸಿಲೂ ಧಾರಾಳ, ಒಪ್ಪಿದೆ!)

ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆ್ಯಪನ್ನು ಸರ್ಕಾರವೇ ಕೊಟ್ಟಿದೆ. ಒಳ್ಳೆಯ ಕೆಲಸ. ಅದಕ್ಕೆ ನೀರು, ಕರೆಂಟು, ಕೆರೆಯಂಗಳ, ಐಟಿಐ ಕಲಿತ ಹುಡುಗರ ಲೆಕ್ಕ ಇವನ್ನೂ ಜೋಡಿಸಿ, ಕನ್ನಡದಲ್ಲೇ ಎಲ್ಲರ ಮುಂದಿಡಲಿ. ಯಾವ ಹೊಲದ ಮೇಲೆ ಯಾರ ಕಣ್ಣಿದೆ ಎಂಬುದು ನೋಟೀಸು ಬರುವ ಮೊದಲೇ ರೈತನಿಗೂ ಗೊತ್ತಾಗಲಿ.

ನಿಮ್ಮ ಕಂಪನಿಯಲ್ಲಿ ಭಾರತದ ಹೊಸ ಘಟಕದ ಮಾತು ಬಂದಾಗ ಬೆಂಗಳೂರೊಂದನ್ನೇ ಹೇಳಿ ಸುಮ್ಮನಾಗಬೇಡಿ. ರಾಯಚೂರಿನ ನಕ್ಷೆಯನ್ನೂ ಬಿಚ್ಚಿ ತೋರಿಸಿ.