ಡಿಕ್ಷನರಿ ನಗುವುದಿಲ್ಲ, ಕೇಳಿ ಕಲಿಯೋಣ

ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಂದಿ ಇಂಗ್ಲಿಷ್ ಮಾತಾಡಲು ಹಿಂಜರಿಯುವುದು ಪದ ಗೊತ್ತಿಲ್ಲದೆ ಅಲ್ಲ. ಗೊತ್ತಿರುವ ಪದವನ್ನೇ ತಪ್ಪಾಗಿ ಹೇಳಿ, ಎದುರಿಗಿದ್ದವರು ನಕ್ಕುಬಿಟ್ಟರೆ ಎಂಬ ಅಂಜಿಕೆಯಿಂದ. ಕಾಲೇಜಿನಲ್ಲಿ, ಕೆಲಸದ ಸಂದರ್ಶನದಲ್ಲಿ ಬಾಯಿ ಕಟ್ಟಿಹಾಕುವುದು ಇದೇ ಅಂಜಿಕೆ.

ದೋಷ ನಮ್ಮ ನಾಲಿಗೆಯದ್ದಲ್ಲ. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಇಂಗ್ಲಿಷನ್ನೂ ಹಾಗೆ ಓದಲು ಹೋದರೆ ಎಡವುತ್ತೇವೆ. ರಸೀದಿಯ ಇಂಗ್ಲಿಷ್ ಪದದಲ್ಲಿ ‘ಪಿ’ ಅಕ್ಷರ ಇದೆ, ಹೇಳುವುದು ‘ರಿಸೀಟ್’. ಸಾಲ ಎಂಬ ಅರ್ಥದ ‘ಡೆಟ್’ನಲ್ಲಿ ‘ಬಿ’ ಇದೆ, ಅದಕ್ಕೆ ಸದ್ದೇ ಇಲ್ಲ. ಹಿಂದೆ ಇಂಗ್ಲಿಷರು ಈ ಪದವನ್ನು ‘ಬಿ’ ಇಲ್ಲದೆಯೇ ಬರೆಯುತ್ತಿದ್ದರು. ಲ್ಯಾಟಿನ್ ಮೂಲ ತೋರಿಸಲೆಂದು ಪಂಡಿತರು ಆಮೇಲೆ ಅದನ್ನು ಸೇರಿಸಿದರು.

ಕನ್ನಡ ಲಿಪಿಯಲ್ಲಿ ಉಚ್ಚಾರ ಕೊಡುವ ಪುಸ್ತಕಗಳೂ ಪೂರ್ತಿ ನೆರವಾಗುವುದಿಲ್ಲ. ಪಶುವೈದ್ಯರಿಗೆ ಹೇಳುವ ಪದಕ್ಕೂ ಒದ್ದೆ ಎನ್ನುವ ಪದಕ್ಕೂ ನಾವು ‘ವೆಟ್’ ಎಂದೇ ಬರೆಯಬೇಕು. ಕಿವಿಗೆ ಅವೆರಡೂ ಬೇರೆ.

ಹಾಗಾಗಿ ಸಾವಿರಾರು ರೂಪಾಯಿಯ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರುವ ಮೊದಲು ಕೈಯಲ್ಲಿರುವ ಮೊಬೈಲನ್ನು ಬಳಸಿ ನೋಡಿ. ಕೇಂಬ್ರಿಜ್, ಆಕ್ಸ್‌ಫರ್ಡ್ ಲರ್ನರ್ಸ್, ಮೆರಿಯಂ-ವೆಬ್‌ಸ್ಟರ್ ಡಿಕ್ಷನರಿಗಳು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ. ಪದ ಹುಡುಕಿ, ಪಕ್ಕದ ಸ್ಪೀಕರ್ ಚಿತ್ರ ಒತ್ತಿದರೆ ಉಚ್ಚಾರ ಕೇಳಿಸುತ್ತದೆ. ಹತ್ತು ಸಲ ಒತ್ತಿದರೂ ಅದು ಬೇಸರಿಸುವುದಿಲ್ಲ, ನಗುವುದೂ ಇಲ್ಲ. ಕೇಳಿ, ಜೋರಾಗಿ ಹೇಳಿ, ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ಹೋಲಿಸಿ.

ಪದದ ಯಾವ ಭಾಗವನ್ನು ಒತ್ತಿ ಹೇಳುತ್ತಾರೆ ಎಂಬುದನ್ನು ಮುಖ್ಯವಾಗಿ ಗಮನಿಸಿ. ‘ಡೆವಲಪ್‌ಮೆಂಟ್’ ಎನ್ನುವಾಗ ನಮ್ಮಲ್ಲಿ ಹಲವರು ಮೊದಲ ಭಾಗವನ್ನು ಒತ್ತುತ್ತಾರೆ. ಡಿಕ್ಷನರಿಯಲ್ಲಿ ಒತ್ತು ಬೀಳುವುದು ‘ವೆ’ ಮೇಲೆ. ‘ಪ್ರೆಸೆಂಟ್’ ಉಡುಗೊರೆಯಾದರೆ ಮೊದಲ ಭಾಗಕ್ಕೆ ಒತ್ತು, ಸಲ್ಲಿಸು ಎಂಬ ಅರ್ಥವಾದರೆ ಎರಡನೆಯದಕ್ಕೆ. ಉಚ್ಚಾರದ ಗುರುತುಗಳ ನಡುವೆ ಮೇಲ್ಗಡೆ ಪುಟ್ಟ ನೇರ ಗೆರೆ ಕಂಡರೆ, ಅದರ ಮುಂದಿನ ಭಾಗವನ್ನು ಒತ್ತಿ ಹೇಳಿ.

ಹಾಗಂತ ಬ್ರಿಟಿಷರಂತೆ ಮಾತಾಡಬೇಕಾಗಿಲ್ಲ. ಬ್ರಿಟಿಷರ ‘ಶೆಡ್ಯೂಲ್’ ಅಮೆರಿಕನ್ನರ ಬಾಯಲ್ಲಿ ‘ಸ್ಕೆಜೂಲ್’. ಡಿಕ್ಷನರಿ ಎರಡನ್ನೂ ಸರಿ ಎನ್ನುತ್ತದೆ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ. ನಮ್ಮ ಧಾಟಿ ನಮ್ಮದೇ ಇರಲಿ, ಕೇಳುವವರಿಗೆ ಅರ್ಥವಾದರೆ ಸಾಕು.

ಹಳ್ಳಿ ಶಾಲೆಯ ಮೇಷ್ಟ್ರು ತರಗತಿಯಲ್ಲಿ ದಿನಕ್ಕೆ 5 ಪದ ಹೀಗೆ ಕೇಳಿಸಿದರೆ ಮಕ್ಕಳಿಗೆ ಹುಡುಕಿ ಕಲಿಯುವ ದಾರಿ ಗೊತ್ತಾಗುತ್ತದೆ. ಯಾರಾದರೂ ಪದ ತಪ್ಪಾಗಿ ಹೇಳಿದರೆ ನಗುವ ಬದಲು ನಾವೂ ಮೊಬೈಲ್ ತೆಗೆದು, ‘ಬಾ, ಕೇಳೋಣ’ ಎನ್ನೋಣ.