ಬಾಗಿಲು ತೆಗದ್ದು ಆರು ಹೇಳಿ ಕೇಳೆಡಿ, ಪರದೆ ಎಳದ್ದು ಆರು ಹೇಳಿ ಕೇಳಿ

ಮನೆಗೆ ಕಳ್ಳಂಗೊ ನುಗ್ಗುವ ಸಿನೆಮ ನೋಡ್ಲೆ ಕೂದರೆ ಒಂದು ವಿಶೇಷ ಕಾಂಗು ನಿಂಗೊಗೆ. ನೋಡುವವು ಕಳ್ಳನ ಬೈವದು ಕಮ್ಮಿ. ಬೈವದು ಪೂರ ಮನೆ ಒಳ ಇಪ್ಪ ಹೆಮ್ಮಕ್ಕಳ. “ಅದು ಎಂತಕೆ ಕೆಳ ಇಳುದತ್ತು?”, “ಫೋನು ಮಾಡ್ಲೆ ಎಂತ ಧಾಡಿ?”, “ಲೈಟು ಹಾಕಿ ನೋಡ್ಲಾಗದೋ?” – ಹೀಂಗೆ. ಕಳ್ಳ° ಬಪ್ಪದು ಮಳೆ ಬಂದ ಹಾಂಗೆ, ಅದು ಆರ ತಪ್ಪುದೆ ಅಲ್ಲ. ಕೊಡೆ ತಾರದ್ದು ಮಾಂತ್ರ ಹೆಮ್ಮಕ್ಕಳ ತಪ್ಪು! ಎನಗೆ ಇದು ಸರಿ ಕಾಣ್ತಿಲ್ಲೆ. ಅದರ ಬಗ್ಗೆಯೇ ರಜ್ಜ ಬರವೊ° ಹೇಳಿ ಕೂಯಿದೆ.

ಮೊನ್ನೆ ತಿಥಿಗೆ ಹೇಳಿ ಎಲ್ಲೋರುದೆ ಸೇರಿತ್ತಿದ್ದೆಯೊ°. ಊಟ ಆಗಿ, ಪಾತ್ರೆ ತೊಳದಾಗಿ, ಹೊತ್ತೋಪಗ ಅಕ್ಕನ ಮಗಳು ಟೀವಿಲಿ ಒಂದು ಇಂಗ್ಲೀಷು ಸಿನೆಮ ಹಾಕಿತ್ತು. ಹೆಸರು ‘ಪ್ಯಾನಿಕ್ ರೂಮ್’. 2002ರಲ್ಲಿ ಬಂದದು, ಡೇವಿಡ್ ಫಿಂಚರ್ ಹೇಳುವವ° ಮಾಡಿದ್ದು. ಅಮ್ಮನ ಪಾತ್ರ ಜೋಡಿ ಫಾಸ್ಟರಿಂದು, ಮಗಳ ಪಾತ್ರ ಕ್ರಿಸ್ಟನ್ ಸ್ಟೀವರ್ಟಿಂದು. ಆ ಕೂಸು ಅಂಬಗ ಸಣ್ಣ, ಮತ್ತೆ ದೊಡ್ಡ ನಟಿ ಆತು. ಮಾತು ಅರ್ಧಂಬರ್ಧ ಅರ್ಥ ಆದರೂ ತೊಂದರೆ ಇಲ್ಲೆ, ಹೆದರಿಕೆಗೆ ಭಾಷೆ ಬೇಡನ್ನೆ.

ಕಥೆ ಇಷ್ಟೆ. ನ್ಯೂಯಾರ್ಕಿಲಿ ಒಂದು ನಾಕು ಮಾಳಿಗೆಯ ಹಳೆ ಮನೆ. ಗೆಂಡನಿಂದ ಬೇರೆ ಆದ ಮೆಗ್ ಹೇಳುವ ಅಮ್ಮ, ಮಗಳು ಸಾರಾನ ಕರಕ್ಕೊಂಡು ಅಲ್ಲಿಗೆ ಒಕ್ಕಲು ಬತ್ತು. ಮದಲು ಆ ಮನೆಲಿ ಇತ್ತಿದ್ದದು ಒಬ್ಬ ಪೈಸೆಕ್ಕಾರ° ಅಜ್ಜ°. ಅಲ್ಲಿ ಮನುಗುವ ಕೋಣೆಯ ಕರೆಲಿ ಒಂದು ಗುಟ್ಟಿನ ಕೋಣೆ ಇದ್ದು. ಕಾಂಕ್ರೀಟು, ಉಕ್ಕು, ದಪ್ಪದ ಬಾಗಿಲು. ಒಳ ಸಾಲಾಗಿ ಟೀವಿ ಪರದೆಗೊ, ಮನೆಯ ಮೂಲೆ ಮೂಲೆ ಕೆಮರಲ್ಲಿ ಕಾಂಗು. ಕಳ್ಳ° ಬಂದರೆ ಓಡಿ ಹೋಗಿ ಒಳ ಕೂದು ಬಾಗಿಲು ಹಾಯ್ಕೊಂಡರೆ ಹೆರಂದ ಆರಿಂಗೂ ತೆಗವಲೆ ಎಡಿಯ. ಒಕ್ಕಲು ಬಂದ ಸುರುವಾಣ ಇರುಳೇ ಮೂರು ಜೆನ ಕಳ್ಳಂಗೊ ನುಗ್ಗುತ್ತವು. ಮನೆ ಖಾಲಿ ಇಕ್ಕು ಹೇಳಿ ಜಾನ್ಸಿಗೊಂಡು ಬಂದವು ಅವು. ಅಮ್ಮ ಮಗಳು ಓಡಿ ಆ ಕೋಣೆ ಹೊಗ್ಗುತ್ತವು. ಗ್ರಾಚಾರ ಎಂತ ಹೇಳಿರೆ, ಕಳ್ಳಂಗೊಕ್ಕೆ ಬೇಕಾದ್ದು ಇಪ್ಪದು ಅದೇ ಕೋಣೆಯ ನೆಲದ ಅಡಿಲಿ!

ಸಿನೆಮ ಮುಗುದಪ್ಪಗ ಚಾವಡಿಲಿ ನಾಕು ಜೆನ, ನಾಕು ಅಭಿಪ್ರಾಯ.

ಚಿಕ್ಕಮ್ಮ ಹೇಳಿದವು, “ಎರಡು ಜೆನಕ್ಕೆ ನಾಕು ಮಾಳಿಗೆಯ ಮನೆ ಎಂತಕೆ? ಉಡುಗಿ ಉದ್ದುಲೆ ಒಂದು ದಿನ ಬೇಕು.” ಅಕ್ಕ ಹೇಳಿತ್ತು, “ಪೋಲೀಸರು ಬಾಗಿಲಿಂಗೇ ಬಂದವನ್ನೆ! ಅಂಬಗ ಹೇಳ್ಲಾಗದೋ? ಬುದ್ಧಿ ಇಲ್ಲದ್ದ ಜೆನ.” ಅಕ್ಕನ ಮಗಳಿಂಗೆ ಕಳ್ಳರಲ್ಲಿ ಒಬ್ಬನ ಮೇಲೆ ಕನಿಕರ. “ಅವ° ಒಳ್ಳೆಯವ°, ಅವನ ಹಿಡುದ್ದು ಅನ್ಯಾಯ” ಹೇಳಿತ್ತು. ಅತ್ತೆ ಮಾಂತ್ರ ಬತ್ತಿ ಹೊಸಕ್ಕೊಂಡು ಕೂದವು ಅಕೇರಿಗೆ ಒಂದೇ ಮಾತು ಕೇಳಿದವು, “ಆ ಎದುರಾಣ ಮನೆಯವ° ಪರದೆ ಎಳದ್ದು ಎಂತಕೆ?”

ಒಂದೊಂದೇ ನೋಡುವೊ°.

ಚಿಕ್ಕಮ್ಮ ಹೇಳಿದ್ದು ತಮಾಷೆಗೆ ಆದರೂ ಅದರಲ್ಲಿ ಸತ್ಯ ಇದ್ದು. ಸಿನೆಮದ ಅಕೇರಿಗೆ ಅಮ್ಮ ಮಗಳು ಪಾರ್ಕಿಲಿ ಕೂದು ಪೇಪರಿಲಿ ಬೇರೆ ಮನೆ ಹುಡ್ಕುತ್ತವು. ದೊಡ್ಡ ಮನೆಯ ಕೊದಿ ಅವಕ್ಕೆ ಬಿಟ್ಟತ್ತು ಕಾಣ್ತು.

ಅಕ್ಕ ಹೇಳಿದ್ದರ ಆನು ಒಪ್ಪುತ್ತಿಲ್ಲೆ. ಪೋಲೀಸರು ಬಾಗಿಲು ತಟ್ಟುವಗ ಎಂತ ಆಯಿದು? ಆ ಹೊತ್ತಿಂಗೆ ಮಗಳು ಒಳ ಕೋಣೆಲಿ ಕಳ್ಳರ ಒಟ್ಟಿಂಗೆ ಇದ್ದು. ಒಬ್ಬನ ಕೈಲಿ ಕೋವಿ. ಕೆಮರಲ್ಲಿ ಅವು ಇದರ ನೋಡಿಗೊಂಡಿದ್ದವು. ಒಬ್ಬ ಪೋಲೀಸಂಗೆ ಸಂಶಯ ಬಂದು, ಬಾಯಿಲಿ ಹೇಳ್ಲೆ ಎಡಿಯದ್ದರೆ ಕಣ್ಣು ಮಿಟುಕುಸಿ ಸೂಚನೆ ಕೊಡು ಹೇಳ್ತ°. ಅದುದೆ ಮಾಡ್ತಿಲ್ಲೆ ಅದು, ನೆಗೆ ಮಾಡಿ ಕಳುಸುತ್ತು. ಅದು ಪೆದ್ದುತನ ಅಲ್ಲ ಅಕ್ಕಾ, ಲೆಕ್ಕ. ಪೋಲೀಸರು ನುಗ್ಗಿರೆ ಕಳ್ಳ° ಸಿಕ್ಕುಗು, ಮಗಳು ಒಳಿಗೋ? ಈ ಪ್ರಶ್ನೆಗೆ ಉತ್ತರ ಗೊಂತಿಲ್ಲದ್ದೆ ಯೇವ ಅಮ್ಮಂದೆ ಕಣ್ಣು ಮಿಟುಕುಸ. ನಾವು ಚಾವಡಿಲಿ ಚಾಯದ ಗ್ಲಾಸು ಹಿಡ್ಕೊಂಡು ಕೂದವಕ್ಕೆ ಆ ಲೆಕ್ಕ ಸುಲಾಬ.

ಅದು ಮಾಡಿದ್ದರ ಬೈವಲೆ ನೆಂಪು ಆವ್ತು, ಎಷ್ಟು ಮಾಡಿದ್ದು ಹೇಳುದು ನೆಂಪಿರ್ತಿಲ್ಲೆ. ಕಳ್ಳಂಗೊ ಗಾಳಿಯ ದಾರಿಲಿ ಗ್ಯಾಸು ಬಿಟ್ಟಪ್ಪಗ ಅದಕ್ಕೇ ಕಿಚ್ಚು ಕೊಟ್ಟತ್ತು. ಗೋಡೆಯ ಒಳಾಣ ಫೋನಿನ ವಯರು ಹುಡ್ಕಿ ತೆಗದು ಜೋಡ್ಸಿತ್ತು. 911ಕ್ಕೆ ಮಾಡಿರೆ ರಜ್ಜ ಕಾಯಿ ಹೇಳಿದವು! ಗೆಂಡಂಗೆ ಮಾಡಿತ್ತು, ಮಾತು ಮುಗಿವ ಮದಲೇ ಲೈನು ಕಟ್ಟು. ಮಗಳ ಮದ್ದು ತಪ್ಪಲೆ ಆ ಗಟ್ಟಿ ಬಾಗಿಲಿನ ಅದುವೇ ತೆಗದು ಹೆರ ಹೋತು. ಅಕೇರಿಗೆ ಸುತ್ತಿಗೆ ತೆಕ್ಕೊಂಡು ಕೆಮರಂಗಳ ಒಂದೊಂದೇ ಹೊಡಿ ಮಾಡಿತ್ತು. ಇಷ್ಟು ಮಾಡಿದವಕ್ಕೆ ಬುದ್ಧಿ ಇಲ್ಲೆ ಹೇಳಿರೆ ಬುದ್ಧಿ ಇಪ್ಪದು ಆರಿಂಗೆ?

ಇನ್ನು ಅಕ್ಕನ ಮಗಳ ಒಳ್ಳೆ ಕಳ್ಳ°. ಬರ್ನ್‌ಹ್ಯಾಮ್ ಅವನ ಹೆಸರು, ಫಾರೆಸ್ಟ್ ವಿಟೇಕರ್ ಆ ಪಾತ್ರ ಮಾಡಿದ್ದ°. ಈ ನಮುನೆ ಕೋಣೆಗಳ ಕಟ್ಟಿ ಕೊಡುವ ಕೆಲಸವೇ ಅವಂದು. ಬೀಗ ಮಾಡಿ ಕೊಟ್ಟವನೇ ಬೀಗ ಒಡವಲೆ ಬಂದದು! ಸಾರಾಂಗೆ ಶುಗರಿನ ತೊಂದರೆ ಇದ್ದು. ರಕ್ತಲ್ಲಿ ಸಕ್ಕರೆ ಇಳುದು ಕೂಸು ನಡುಗಿ ಬೀಳುವಗ ಅವನೇ ಇಂಜೆಕ್ಷನು ಕೊಟ್ಟು ಒಳಿಶುತ್ತ°. ಅಕೇರಿಗೆ ಪೈಸೆ ಕೈಲಿ ಹಿಡ್ಕೊಂಡು ಓಡಿ ಹೋಪಲೆ ದಾರಿ ಇದ್ದರೂ, ಅಮ್ಮನ ಕೊಲ್ಲುಲೆ ಹೆರಟ ಮತ್ತೊಬ್ಬ ಕಳ್ಳನ ತಡವಲೆ ತಿರುಗಿ ಬತ್ತ°. ಹಾಂಗೆ ಬಂದ ಕಾರಣವೇ ಪೋಲೀಸರ ಕೈಗೆ ಸಿಕ್ಕುತ್ತ°. ಎನಗೂ ಬೇಜಾರಾತು. ಆದರೆ ಮಗಳೇ, ಅವನ ಮನಸ್ಸಿಲಿ ಕರುಣೆಯುದೆ ಇದ್ದು, ಅವ° ಕದಿವಲೆ ಬಂದ್ದುದೆ ನಿಜ. ಒಂದು ಇನ್ನೊಂದರ ಉದ್ದಿ ತೆಗೆತ್ತಿಲ್ಲೆ. ಆ ಕೂಸಿಂಗೆ ಆ ಗತಿ ಬಪ್ಪಲೆ ಕಾರಣ ಆದವರಲ್ಲಿ ಅವನೂ ಒಬ್ಬ°.

ಇನ್ನು ಅತ್ತೆ ಕೇಳಿದ ಪ್ರಶ್ನೆ. ಕೋಣೆಯ ಒಳಂದ ಅಮ್ಮ ಮಗಳು ಟಾರ್ಚಿನ ಒಂದು ಓಟೆಲಿ ಹಿಡುದು ಹೆರಾಂಗೆ ಸೂಚನೆ ಕೊಡ್ತವು. ಮೂರು ಸಣ್ಣ, ಮೂರು ಉದ್ದ, ಮೂರು ಸಣ್ಣ – “ಎಂಗಳ ಒಳಿಶಿ” ಹೇಳಿ ಹಡಗಿನವು ಕೊಡುವ ಸೂಚನೆ ಅದು. ಎದುರು ಮನೆಯವಂಗೆ ಎಚ್ಚರಿಕೆ ಆವ್ತು, ಬೆಳಿಚ್ಚ ಕಾಣ್ತು. ಅವ° ಕಿಟಿಕಿಯ ಹತ್ತರೆ ಬಂದು… ಪರದೆ ಎಳದು ಮನುಗುತ್ತ°. ಇಡೀ ಸಿನೆಮಲ್ಲಿ ಎನ್ನ ಹೊಟ್ಟೆ ತೊಳಸಿದ್ದು ಅಲ್ಲಿ. ಕೋವಿ, ಗ್ಯಾಸು, ಸುತ್ತಿಗೆ ನೋಡಿ ಅಲ್ಲ. ಉಕ್ಕಿನ ಕೋಣೆ ಒಂದು ಇಡೀ ಇರುಳು ಮಾಡ್ಲೆ ಎಡಿಯದ್ದರ ಆ ಮನುಷ್ಯ° ಒಂದು ಫೋನಿಲಿ ಮಾಡ್ತಿತ್ತ°. ಆದರೆ ಅವಂಗೆ ಅವು ಆರು ಹೇಳಿ ಗೊಂತಿಲ್ಲೆ. ಒಕ್ಕಲು ಬಂದು ಒಂದು ದಿನ ಆಯಿದಷ್ಟೆ. ಚಿಕ್ಕಮ್ಮ ಮಾಳಿಗೆ ಲೆಕ್ಕ ಹಾಕಿದವು, ಅಕ್ಕ ಬುದ್ಧಿ ಲೆಕ್ಕ ಹಾಕಿತ್ತು, ಅತ್ತೆ ನೆರೆಕರೆಯ ಲೆಕ್ಕ ಹಾಕಿದವು. ಎನ್ನ ಓಟು ಅತ್ತೆಗೆ.

ಇದರ ಎಲ್ಲ ಎಂತಕೆ ಬರದೆ ಹೇಳಿರೆ, ನಮ್ಮ ಕುಟುಂಬಲ್ಲಿ ಈಗ ಇದೇ ಚರ್ಚೆ. ದೊಡ್ಡಮಾವ° ಹೋದ ಮತ್ತೆ ದೊಡ್ಡತ್ತೆ ತೋಟದ ಮನೆಲಿ ಒಬ್ಬನೇ ಇಪ್ಪದು. ಪ್ರಾಯ 76, ಶುಗರುದೆ ಇದ್ದು. (ಅವರ ಹತ್ತರೆ ಕೇಳಿಕ್ಕಿಯೇ ಬರವದು, “ಬರೆ, ಎನಗೆಂತ ನಾಚಿಕೆ” ಹೇಳಿದವು.) ಬೆಂಗ್ಳೂರಿಲಿಪ್ಪ ಮಗ°, ಮನೆ ಸುತ್ತ ಕೆಮರ ಹಾಕುಸುದು, ಜೆಗಿಲಿಗೆ ಅಡ್ಡ ಕಬ್ಬಿಣದ ಗೇಟು, ಇನ್ನು ಆರು ಬಂದರೂ ಬಾಗಿಲು ತೆಗವಲಾಗ, ಆಸರಿಂಗೆ ಕೊಡ್ಲಾಗ ಹೇಳಿದ°. ದೊಡ್ಡತ್ತೆ ಕೇಳಿದವು, “ಜೈಲಿಲಿ ಕೂಪಲೆ ಆನು ಎಂತ ಕದ್ದಿದೆ ಮಾಣಿ?”

ಮಾಣಿಯ ಹೆದರಿಕೆ ಸುಮ್ಮನೆ ಅಲ್ಲ. 2012ರಲ್ಲಿ ‘ದಂಡುಪಾಳ್ಯ’ ಸಿನೆಮ ಬಂದದು ನೆಂಪಿದ್ದನ್ನೆ? ಪೂಜಾ ಗಾಂಧಿ ಇಪ್ಪದು. ಕುಡಿವಲೆ ನೀರು ಕೇಳಿಗೊಂಡು ಬಂದು ಮನೆ ಹೊಗ್ಗುವ ಕೂಟದ ಕಥೆ. ನಿಜವಾಗಿ ಇತ್ತಿದ್ದ ಕೂಟವ ನೋಡಿಯೇ ಮಾಡಿದ್ದದು. ಅದರ ನೋಡಿದ ಮತ್ತೆ ನೀರು ಕೇಳಿದವಕ್ಕೆ ಚೆಂಬು ಹಿಡ್ಕೊಂಡು ಹೋಪಲೆ ಎಷ್ಟೋ ಹೆಮ್ಮಕ್ಕೊಗೆ ಕೈ ನಡುಗಿದ್ದು. ಹಾಂಗಾಗಿ “ಮದಲಾಣ ಕಾಲಲ್ಲಿ ಬಾಗಿಲೇ ಹಾಯ್ಕೊಂಡಿತ್ತಿಲ್ಲೆ” ಹೇಳಿ ಆನು ಭಾಷಣ ಮಾಡ್ತಿಲ್ಲೆ. ಮದಲು ಮನೆಲಿ ಹದಿನೈದು ಜೆನ ಇತ್ತಿದ್ದವು, ಬಾಗಿಲು ಹಾಕುವ ಅಗತ್ಯ ಇತ್ತಿಲ್ಲೆ. ಈಗ ಒಬ್ಬನೇ ಇಪ್ಪದು.

ಆದರೆ ಉಕ್ಕಿನ ಕೋಣೆಯ ಸಿನೆಮಂದ ಕಲಿಯೆಕ್ಕಾದ್ದು ಇನ್ನೊಂದು ಉಕ್ಕಿನ ಗೇಟು ಹಾಕುಲೆ ಅಲ್ಲ. ಆನು ಕಲ್ತದು ಹೇಳ್ತೆ.

ಒಂದು, ಕಳ್ಳ° ಬಂದದು ಮನುಷ್ಯರ ಹುಡ್ಕಿಗೊಂಡು ಅಲ್ಲ, ಪೈಸೆ ಹುಡ್ಕಿಗೊಂಡು. ಆ ನೆಲದ ಅಡಿಲಿ ಇತ್ತಿದ್ದದು 2 ಕೋಟಿ 20 ಲಕ್ಷ ಡಾಲರಿನ ಬಾಂಡುಗೊ. ಅದರಲ್ಲಿ ಹೆಸರು ಇರ್ತಿಲ್ಲೆ, ಆರ ಕೈಲಿ ಇದ್ದೋ ಅವಂದೇ. ನಮ್ಮ ಅಟ್ಟದ ಅಡಕ್ಕೆ ಗೋಣಿಯುದೆ ಹಾಂಗೇ ಅಲ್ಲದೋ? ಅಡಕ್ಕೆಲಿ ಆರ ಹೆಸರುದೆ ಬರಕ್ಕೊಂಡಿಲ್ಲೆ. ಒಬ್ಬನೇ ಇಪ್ಪ ಮನೆಲಿ ಅಡಕ್ಕೆಯ ಕ್ರಯ ಏರಲಿ ಹೇಳಿ ವರ್ಷ ಇಡೀ ಮಡುಗಲಾಗ. ಕೊಟ್ಟು ಪೈಸೆಯ ಬೇಂಕಿಂಗೆ ಹಾಕಿ. ಮನೆಲಿ ತಿಂಗಳ ಖರ್ಚಿಂಗೆ ಬೇಕಾದಷ್ಟು ಇದ್ದರೆ ಸಾಕು. ಅದರ ನಾಕು ಜೆನಕ್ಕೆ ಗೊಪ್ಪ ಹಾಂಗೆ ಹೇಳಿ.

ಎರಡು, ಆ ಕೋಣೆಲಿ ಬೇರೆಯೇ ಫೋನಿನ ಲೈನು ಇತ್ತು. ಆದರೆ ಕನೆಕ್ಷನು ಕೊಟ್ಟಾಯಿದಿಲ್ಲೆ! ಇದರ ಕೇಳಿ ನೆಗೆ ಮಾಡೆಡಿ. ನಮ್ಮಲ್ಲಿ ಚಾರ್ಜು ಮುಗುದ ಮೊಬೈಲು, ಬೆಟ್ರಿ ಇಲ್ಲದ್ದ ಟಾರ್ಚು ಎಷ್ಟು ಮನೆಲಿ ಇಲ್ಲೆ? ಇರುಳು ಮನುಗುವ ಮದಲು ಫೋನು ತಲೆ ಕೊಂಬಿನ ಹತ್ತರೆ ಇರೆಕ್ಕು, ಚಾರ್ಜು ಇರೆಕ್ಕು. 112 ಹೇಳುವ ನಂಬ್ರ ಬಾಯಿಗೆ ಬರೆಕ್ಕು. ಅದರ ಕರೆಲಿ ನೆರೆಕರೆಯ ಎರಡು ನಂಬ್ರ ದೊಡ್ಡ ಅಕ್ಷರಲ್ಲಿ ಬರದು ಗೋಡೆಗೆ ಅಂಟುಸಿ.

ಮೂರು, ಮದ್ದು. ಸಾರಾನ ಮದ್ದು ಬೇರೆ ಕೋಣೆಲಿ ಒಳುದ ಕಾರಣ ಅಲ್ಲದೋ ಅಮ್ಮ ಬಾಗಿಲು ತೆಗೆಯೆಕ್ಕಾಗಿ ಬಂದದು? ಶುಗರಿನವು ಮನುಗುವಲ್ಲಿಯೇ ಮದ್ದು, ನೀರು, ಸಕ್ಕರೆಯೋ ಬೆಲ್ಲವೋ ಒಂದು ಕರಡಿಗೆಲಿ ಮಡುಗಲಿ. ಶುಗರು ಇಳಿವಲೆ ಕಳ್ಳನೇ ಬರೆಕ್ಕು ಹೇಳಿ ಇಲ್ಲೆ.

ನಾಕು, ಕೆಮರ. ಹಾಕಲಿ, ಬೇಡ ಹೇಳ್ತಿಲ್ಲೆ. ಆದರೆ ಆ ಮನೆಲಿ ಅಷ್ಟು ಕೆಮರ ಇದ್ದು ಎಂತ ಆತು? ಕಾಣ್ತು ಅಷ್ಟೆ. ಒಳ ಇಪ್ಪವಕ್ಕೂ ಕಂಡತ್ತು, ಮತ್ತೆ ಕಳ್ಳಂಗೊ ಒಳ ಹೊಕ್ಕಪ್ಪಗ ಅವಕ್ಕೂ ಕಂಡತ್ತು. ಮಗ° ಬೆಂಗ್ಳೂರಿಲಿ ಕೂದು ಫೋನಿಲಿ ನೋಡಿರೆ ಅಮ್ಮ ಬಿದ್ದದು ಕಾಂಗು. ಎದ್ದು ಬಪ್ಪಲೆ ಒಂದು ಇರುಳು ಬೇಕು. ಮೇಗಾಣ ಮನೆ ಅಕ್ಕಂಗೆ ಹತ್ತು ನಿಮಿಷ ಸಾಕು. ಅಂಬಗ ಕೆಮರ ಹಾಕುವ ಮದಲು ಆ ಅಕ್ಕನ ಹತ್ತರೆ ಒಂದು ಮಾತು ಹೇಳೆಕ್ಕೋ ಬೇಡದೋ? ಉದಿಯಪ್ಪಗ ಏಳು ಗಂಟಗೆ ದೊಡ್ಡತ್ತೆಯ ಒಂದು ಮಿಸ್‌ಕಾಲು, ಬಾರದ್ದರೆ ಆರಾದರೂ ಇಳುದು ನೋಡುದು. ಇದಕ್ಕೆ ಪೈಸೆ ಬೇಡ, ಕರೆಂಟು ಬೇಡ.

ಇನ್ನು ಆಸರಿಂಗೆ. ಇದು ನಿಂಬಲಾಗ ಹೇಳುದು ಎನ್ನ ಅಭಿಪ್ರಾಯ. ಬೆಶಿಲಿಂಗೆ ಬಂದವ° ನೀರು ಕೇಳಿರೆ ಇಲ್ಲೆ ಹೇಳ್ಲೆ ನಮ್ಮ ಅಜ್ಜಿಯಕ್ಕೊ ಕಲುಸಿದ್ದವಿಲ್ಲೆ. ಆದರೆ ಅವು ಎಲ್ಲಿ ಕೊಟ್ಟೊಂಡಿತ್ತಿದ್ದವು? ಜೆಗಿಲಿಲಿ. ಗುರ್ತ ಇಲ್ಲದ್ದವನ ಅಡಿಗೆ ಕೋಣೆಗೆ ಕರಕ್ಕೊಂಡು ಹೋಗಿಯೊಂಡಿತ್ತಿದ್ದವಿಲ್ಲೆ. ಜೆಗಿಲಿಲಿ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ಮಡಗಿಕ್ಕಿ ಒಳ ಬಂದು ಬಾಗಿಲು ಹಾಕಿ, ಕಿಟಿಕಿಂದ ಮಾತಾಡಿರೆ ಆತು. ಜೆಗಿಲಿ ಹೇಳುದು ಅದಕ್ಕೇ ಇಪ್ಪದು, ಹೆರಾಣವಕ್ಕೂ ಒಳಾಣವಕ್ಕೂ ನೆಡುಕೆ ಒಂದು ಮರ್ಯಾದೆಯ ಜಾಗೆ. ಅದಕ್ಕೇ ಗೇಟು ಹಾಕಿ ಮುಚ್ಚಿರೆ ನವಗೆ ಒಳಿವದು ಎರಡೇ: ಪೂರ ತೆಗವದು, ಅಲ್ಲದ್ರೆ ಪೂರ ಹಾಕುದು. ಜೆಗಿಲಿಲಿ ಆರೂ ಕೂರದ್ದರೆ ದೊಡ್ಡತ್ತೆಗೆ ಇಡೀ ದಿನ ಮಾತಾಡ್ಲೆ ಟೀವಿ ಮಾಂತ್ರ. ಕಳ್ಳ° ಒಂದರಿ ಬಕ್ಕೋ ಬಾರನೋ. ಆ ಬೇಜಾರ ದಿನಾ ಬಕ್ಕು.

ಹಾಂಗಾಗಿ ಬರ್ತಿಂಗಳು ಮನೆಯವು ಎಲ್ಲ ಸೇರಿ ಮಾತಾಡುವಗ ಎನ್ನ ಮಾತು ಇಷ್ಟು: ಹಿಂದಾಣ ಬಾಗಿಲಿಂಗೆ ಗಟ್ಟಿ ಚಿಲಕ ಬೇಕು, ಜಾಲಿಂಗೆ ಲೈಟು ಬೇಕು, ಅಡಕ್ಕೆ ಮಾರೆಕ್ಕು. ಜೆಗಿಲಿಗೆ ಗೇಟು ಬೇಡ. ಗೇಟಿನ ಪೈಸೆಲಿ ಅದರ ಬದಲು ಇರುಳು ಒಟ್ಟಿಂಗೆ ಮನುಗುಲೆ ಬಪ್ಪ ಒಂದು ಜೆನಕ್ಕೆ ಸಂಬಳ ಕೊಡುವೊ°. ಮಾಣಿಗೆ ಕೋಪ ಬಂದರೆ ಬರಲಿ, ಅವನ ಅಮ್ಮನ ಮೇಲೆ ಅವಂಗೆ ಇಪ್ಪ ಪ್ರೀತಿ ಎಂಗೊಗುದೆ ಗೊಂತಿದ್ದು.

ನಿಂಗಳ ನೆರೆಕರೆಲಿಯುದೆ ಹೀಂಗೆ ಒಬ್ಬನೇ ಇಪ್ಪವು ಆರಾದರೂ ಇಕ್ಕು. ಅವರ ಮನೆಯ ಲೈಟು ದಿನಾ ಎಷ್ಟೊತ್ತಿಂಗೆ ನಂದುತ್ತು ಹೇಳಿ ನಿಂಗೊಗೆ ಗೊಂತಿದ್ದೋ? ಇಲ್ಲದ್ದರೆ ಇಂದು ಇರುಳು ಮನುಗುವ ಮದಲು ಒಂದರಿ ಕಿಟಿಕಿಲಿ ನೋಡಿಕ್ಕಿ. ಪರದೆ ಮತ್ತೆ ಎಳವಲಕ್ಕು.